ನಡುಬೆರಳಿಗೆ ಕೊಟ್ಟ ಕುಂಚ

ಡ್ರಾಯಿಂಗ್ ಮಾಷ್ಟ್ರು ಎದ್ದುಹೋದ ಮೇಲೆ ನಮ್ಮ ಕಂಪ್ಯೂಟರಿನ ಪರದೆಯಲ್ಲಿ ಒಂದು ಎಣ್ಣೆಯ ಚುಕ್ಕೆ ಉಳಿಯುತ್ತಿತ್ತು. ಅದು ಅವರ ಮೂಗಿನದು. ಕನ್ನಡಕವನ್ನು ಹಣೆಗೆ ಏರಿಸಿ, ಮುಖ ತಾಗಿಸಿಯೇ ಅವರು ಬಣ್ಣ ನೋಡುವುದು. ನಾನು ಸೆರಗಿನಲ್ಲಿ ಒರೆಸುವಾಗ, "ಒರೆಸಿ ಮಾರಾಯ್ರೆ, ಇಲ್ಲದಿದ್ರೆ ನೀವು ಬರೆದ ದೇವಿಗೆ ಇನ್ನೊಂದು ಮೂಗುತಿ ಆಗ್ತದೆ" ಎನ್ನುತ್ತಿದ್ದರು.

ರಾಮಕುಂಜದ ಕಡೆಯ ಶಾಲೆಯೊಂದರಲ್ಲಿ ಚಿತ್ರ ಕಲಿಸಿ ನಿವೃತ್ತರಾದ ಅವರು ನಮ್ಮ ಆಚೆಮನೆಯವರು. ಕಂಪ್ಯೂಟರಿನಲ್ಲಿ ಚಿತ್ರ ಬರೆಯಲು ತಾವೇ ಕಲಿತು, ನನಗೂ ಕಲಿಸಿದರು. ಮಧ್ಯಾಹ್ನದ ಪಾತ್ರೆ ತೊಳೆದ ಮೇಲಿನ ಒಂದು ಗಂಟೆ ದೇವರು ನನಗೆಂದೇ ಇಟ್ಟದ್ದು ಎಂದುಕೊಂಡು ಕೂರುತ್ತಿದ್ದೆ. ಎಷ್ಟು ತಪ್ಪಿದರೂ ಅವರು ಮೌಸ್ ಕಸಿದುಕೊಂಡವರಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿ, "ನೀವೇ ಮಾಡಿ, ನಾನು ನೋಡ್ತೇನೆ" ಎನ್ನುವರು.

ಒಂದು ವರ್ಷ, ನವರಾತ್ರಿಯೊಳಗೆ ಒಂಬತ್ತು ದೇವಿಯರ ಚಿತ್ರ ಬರೆದು ಭಜನಾ ಮಂದಿರಕ್ಕೆ ಕೊಡುತ್ತೇನೆಂದು ಹರಕೆ ಹೊತ್ತೆ. ಮೂರು ಮುಗಿದಿತ್ತು. ಹಲಸಿನಕಾಯಿ ಕೊಯ್ಯುವಾಗ ಕತ್ತಿ ಜಾರಿ ಬಲಗೈಯ ತೋರುಬೆರಳಿನ ನರ ತುಂಡಾಯಿತು. ಬೆರಳು ಉಳಿಯಿತು, ಅದೇ ದೊಡ್ಡದು. ಮಡಚಲು ಮಾತ್ರ ಬರಲಿಲ್ಲ. ಮೌಸ್ ಹಿಡಿದರೆ ಅದು ಕೋಲಿನ ಹಾಗೆ ಎಡಗುಂಡಿಯ ಮೇಲೆ ಬಿದ್ದು, ದೇವಿಯ ಕೆನ್ನೆಗೆ ಬೇಡದ ಗೆರೆ ಎಳೆಯುತ್ತಿತ್ತು.

"ಬೇರೆ ಯಾರಿಂದಾದ್ರೂ ಬರೆಸು, ಹರಕೆ ಸಲ್ಲುದಿಲ್ವಾ?" ಎಂದರು ನಮ್ಮವರು. ಸಲ್ಲುತ್ತಿತ್ತೋ ಏನೋ, ನನ್ನ ಮನಸ್ಸು ಒಪ್ಪಲಿಲ್ಲ.

ಮಾಷ್ಟ್ರು ಮೊದಲು ಮೌಸನ್ನು ನನ್ನ ಎಡಗೈಗೆ ಕೊಟ್ಟು ನೋಡಿದರು.

"ದೇವಿಗೆ ಮೆಳ್ಳೆಗಣ್ಣು ಆಯ್ತು ಮಾಷ್ಟ್ರೆ."

"ಆಗ್ಲಿ, ಒಂದು ಕಣ್ಣಾದ್ರೂ ನಮ್ಮ ಕಡೆ ಉಂಟಲ್ಲ."

ಇಬ್ಬರೂ ನಕ್ಕೆವು. ನಗು ನಿಂತದ್ದೇ ನನಗೆ ಅಳು ಬಂತು. ಅವರು ಸಮಾಧಾನ ಹೇಳಲಿಲ್ಲ. "ಎರಡು ದಿನ ಬಿಟ್ಟು ಬರ್ತೇನೆ" ಎಂದು ಎದ್ದರು.

ಬಂದಾಗ ಕೈಯಲ್ಲಿ ಮದುವೆ ಕಾಗದದ ಹಿಂಬದಿಗೆ ಬರೆದ ಒಂದು ಪಟ್ಟಿಯಿತ್ತು. ಮೌಸಿನ ಯಾವ ಗುಂಡಿ ಒತ್ತಿದರೆ ಏನಾಗಬೇಕೆಂದು ನಾವೇ ಗೊತ್ತುಮಾಡುವ ಜಾಗ ಆ ಚಿತ್ರದ ತಂತ್ರಾಂಶದಲ್ಲಿ ಇದೆ. ಅದನ್ನು ನನ್ನಿಂದಲೇ ತೆರೆಸಿದರು.

"ಎಡಗುಂಡಿಯ ಕೆಲಸ ತೆಗೀರಿ. ಆ ಬೆರಳು ಅಲ್ಲಿ ಸುಮ್ಮನೆ ಮಲಗಿರ್ಲಿ. ಬಲಗುಂಡಿಗೆ ಕುಂಚ ಕೊಡಿ, ನಡುಬೆರಳು ಬರೀತದೆ."

ಚಿತ್ರದೊಳಗಿನ ಬಣ್ಣ ಹೆಕ್ಕುವ ಕೆಲಸ ಹೆಬ್ಬೆರಳಿನ ಬದಿಯ ಗುಂಡಿಗೆ ಹೋಯಿತು. ಹಾಳೆ ತಿರುಗಿಸಲು ಎಡಗೈಗೆ ಕೀಲಿಮಣೆಯ ಒಂದು ಕೀಲಿ. ಅಳಿಸುವುದಕ್ಕೆ ನಾನು ಎರಡು ಗುಂಡಿ ಒಟ್ಟಿಗೆ ಇಡಹೊರಟಾಗ ತಡೆದರು: "ಹಾಗೆ ಬೇಡ. ಸಂಜೆಗಾಗುವಾಗ ನಡುಬೆರಳು ಬುಡದಿಂದ ನೋಯ್ತದೆ."

ಒಂದು ವಾರ ಗೆರೆ ನಡುಗಿತು. ಆಮೇಲೆ ನಡುಬೆರಳು ಕಲಿತುಕೊಂಡಿತು. ಒಂಬತ್ತನೆಯ ದೇವಿಯ ಕಣ್ಣು ಮುಗಿದದ್ದು ನವರಾತ್ರಿಗೆ ನಾಲ್ಕು ದಿನ ಇರುವಾಗ. ಚೌಕಟ್ಟು ಹಾಕಿಸಲು ಸಮಯ ಸಿಕ್ಕಿತು, ಅದೂ ಅವಳ ದಯೆ. ಮಂದಿರದಲ್ಲಿ ಮಾಷ್ಟ್ರು ಒಂಬತ್ತು ಗಾಜಿಗೂ ಮೂಗು ತಾಗಿಸಿ ನೋಡಿ, "ನಾಲ್ಕನೆಯದರಿಂದ ಗೆರೆ ಸ್ವಲ್ಪ ದಪ್ಪ. ಚಂದ ಉಂಟು" ಎಂದರು.

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಉತ್ತರಕ್ರಿಯೆಯ ದಿನ ನಾನು ಪಾಯಸ ಬಡಿಸುತ್ತಿದ್ದೆ. ಅವರ ಹೆಂಡತಿ ನನ್ನ ಕೈಯ ನೆಟ್ಟಗಿನ ಬೆರಳನ್ನೇ ನೋಡುತ್ತಿದ್ದರು.

"ನಿನಗೆ ಪಟ್ಟಿ ಬರೆದ ಆ ಎರಡು ದಿನ ಅವರೂ ಹೀಗೇ ಇದ್ರು, ನಿನಗೆ ಹೇಳಿದ್ರಾ?"

"ಎಂತ ಅಕ್ಕ?"

"ಬೆರಳಿಗೆ ಗುಡಿಸುವ ಹಿಡಿಸೂಡಿಯ ಕಡ್ಡಿ ಇಟ್ಟು ಬಟ್ಟೆ ಸುತ್ತಿಕೊಂಡು ಕಂಪ್ಯೂಟರಿನ ಮುಂದೆ ಕೂತದ್ದು. ಊಟಕ್ಕಾದ್ರೂ ಬಿಚ್ಚಿ ಅಂದೆ. 'ಅವಳಿಗೆ ಬಿಚ್ಚಿ ಉಣ್ಲಿಕ್ಕೆ ಆಗ್ತದಾ?' ಅಂತ ಕೇಳಿದ್ರು."

ಮುಂದಿನ ಎಲೆಯವರು ಕಾಯುತ್ತಿದ್ದರು. ನಾನು ಸೌಟು ಹಿಡಿದು ಅಲ್ಲಿಯೇ ನಿಂತೆ.

ಈಗ ಬೆಳಿಗ್ಗೆ ದೀಪ ಹಚ್ಚಿ ದೇವಿಯರ ಒಂಬತ್ತು ಹೆಸರು ಹೇಳಿ ಮುಗಿಸುವಾಗ ಮಾಷ್ಟ್ರ ಹೆಸರೂ ನಾಲಿಗೆಗೆ ಬಂದುಬಿಡುತ್ತದೆ. ನಾನು ತಡೆಯುವುದಿಲ್ಲ.