ಇಪ್ಪತ್ತು ಗಂಟೆ ಗಾಳಿಯಿಲ್ಲದ ತೊಟ್ಟಿ

ವೈಯಾಲಿಕಾವಲ್‌ನ ಒಂದು ಪಾರ್ಕಿನ ಮೂಲೆಯಲ್ಲಿ, ತಗಡಿನ ಬೇಲಿಯ ಹಿಂದೆ, ಕೊಳಚೆ ನೀರು ಶುದ್ಧೀಕರಣದ ಸಣ್ಣ ಘಟಕವಿದೆ. ರಸ್ತೆಯಡಿಯ ಒಳಚರಂಡಿಯಿಂದ ದಿನಕ್ಕೆ ಎರಡು ಲಕ್ಷ ಲೀಟರ್ ಎತ್ತಿ, ತಿಳಿ ಮಾಡಿ, ಗಿಡಗಳಿಗೆ ಬಿಡುತ್ತದೆ. ಓಕಳಿಪುರಂನ ದೇವಯ್ಯ ಹನ್ನೊಂದು ವರ್ಷದಿಂದ ಇಲ್ಲಿ ಆಪರೇಟರ್. ಅವರು ಉದ್ದ ರಜೆ ಹಾಕುವುದು ವರ್ಷಕ್ಕೊಮ್ಮೆ, ವಿಜಯದಶಮಿಗೆ ಹೆಂಡತಿಯೊಂದಿಗೆ ನಾಗಪುರದ ದೀಕ್ಷಾಭೂಮಿಗೆ ಹೋಗಿಬರಲು.

ಈ ಸಲ ರೈಲಿಳಿದು ಬಂದವರಿಗೆ ಗೇಟು ತೆಗೆಯುವ ಮೊದಲೇ ವಿಷಯ ಗೊತ್ತಾಯಿತು. ಚೆನ್ನಾಗಿ ನಡೆಯುವ ತೊಟ್ಟಿಗೆ ನೆಂದ ಮಣ್ಣಿನ ವಾಸನೆ ಇರುತ್ತದೆ. ಅಂದು ಬಂದದ್ದು ಕೊಳೆತ ಮೊಟ್ಟೆಯದು. ಒಳಗೆ ನೀರು ಮಸಿಯ ಹಾಗೆ ಕಪ್ಪಾಗಿತ್ತು. ತೊಟ್ಟಿಗೆ ಗಾಳಿ ಊದುವ ಎರಡು ಬ್ಲೋವರ್‌ಗಳ ಕೊರಳಲ್ಲಿ ಬಾಡಿದ ಸೇವಂತಿಗೆ ಹಾರ.

ಜೊತೆಗಾರ ರೇವಣಸಿದ್ದಯ್ಯ ತಲೆ ತಗ್ಗಿಸಿಕೊಂಡು ನಿಂತಿದ್ದ. ಆಯುಧಪೂಜೆ ಮಾಡಿದ್ದು ಅವನೇ.

"ಎಷ್ಟು ಹೊತ್ತು ಆಫ್ ಮಾಡಿದ್ದೆ?"

"ಮಧ್ಯಾಹ್ನ ಪೂಜೆ ಆದ್ಮೇಲಿಂದ ಮಾರನೇ ದಿನ ಬೆಳಿಗ್ಗೆವರೆಗೂ. ಒಂದಿಪ್ಪತ್ತು ಗಂಟೆ. ಪೂಜೆ ಮಾಡಿದ್ಮೇಲೆ ಮಿಷನ್ ಮುಟ್ಬಾರದಲ್ವಾ ದೇವಣ್ಣ? ನಮ್ಮಪ್ಪ ಪೇಟೆ ಅಂಗಡೀಲಿ ತಕ್ಕಡೀನೂ ಮುಟ್ತಿರ್ಲಿಲ್ಲ."

"ತಕ್ಕಡಿ ಉಸಿರಾಡುತ್ತೇನೋ?"

ಕೊಳೆಯನ್ನು ತಿಂದು ನೀರು ತಿಳಿ ಮಾಡುವುದು ತೊಟ್ಟಿಯೊಳಗಿನ ಕಣ್ಣಿಗೆ ಕಾಣದ ಜೀವಿಗಳು. ಬ್ಲೋವರಿನ ಗಾಳಿಯೇ ಅವಕ್ಕೆ ಉಸಿರು.

ಒಂಬತ್ತಕ್ಕೆ ಎಂಜಿನಿಯರ್ ಸರ್ವಮಂಗಳಾ ಬಂದರು. ವಾಕಿಂಗ್‌ಗೆ ಬರುವವರು ಎರಡು ದಿನದಿಂದ ಅವರಿಗೆ ಫೋನ್ ಮಾಡುತ್ತಿದ್ದರು.

"ಸಂಜೆಯೊಳಗೆ ಸರಿಹೋಗ್ಲಿಲ್ಲ ಅಂದ್ರೆ ತೊಟ್ಟಿ ಖಾಲಿ ಮಾಡಿಸ್ಬೇಕು ದೇವಯ್ಯನವರೇ. ಕಂಟ್ರಾಕ್ಟರು ನಾಳೆ ಕೆಸರು ಹೀರೋ ಮಿಷನ್ ಜೊತೆ ನಾಲ್ಕು ಜನಾನ ಕಳಿಸ್ತಾರಂತೆ."

"ಮಿಷನ್ ಮೂಲೆಗೆ ಹೋಗಲ್ಲ ಮೇಡಂ. ಅಲ್ಲಿ ಇಳಿಯೋದು ಆ ನಾಲ್ಕು ಜನಾನೇ."

ಸಂಜೆ ಮತ್ತೆ ಬರುವುದಾಗಿ ಹೇಳಿ ಅವರು ಹೊರಟರು.

ದೇವಯ್ಯನವರ ಚಿಕ್ಕಪ್ಪ ದಾಸಪ್ಪ ಮ್ಯಾನ್‌ಹೋಲಿಗೆ ಇಳಿದು ಸತ್ತಾಗ ದೇವಯ್ಯನವರಿಗೆ ಹದಿನಾರು ವರ್ಷ. ಹಗ್ಗ ಹಿಡಿದು ಮೇಲೆ ನಿಂತಿದ್ದವರಲ್ಲಿ ಅವರೂ ಒಬ್ಬರು. ಈ ಕೆಲಸಕ್ಕೆ ಸೇರುವಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ತೊಟ್ಟಿಯೊಳಗೆ ಮನುಷ್ಯ ಇಳಿಯಬೇಕಾ? ಇಲ್ಲ ಎಂದ ಮೇಲೆ ಸಹಿ ಹಾಕಿದ್ದರು. ಹನ್ನೊಂದು ವರ್ಷದಲ್ಲಿ ಯಾರೂ ಇಳಿದಿರಲಿಲ್ಲ.

ಒಳಗೆ ಬರುವ ಕೊಳಚೆಯನ್ನು ದೇವಯ್ಯ ಅರ್ಧಕ್ಕೆ ಇಳಿಸಿದರು. ಸರದಿಯ ಮೇಲೆ ಓಡುವ ಬ್ಲೋವರ್‌ಗಳನ್ನು ಎರಡನ್ನೂ ಒಟ್ಟಿಗೆ ಓಡಿಸಿದರು. ಆಮೇಲೆ ಗಂಟೆಗೊಮ್ಮೆ ತೊಟ್ಟಿಯ ನೀರನ್ನು ಒಂದು ಲೀಟರಿನ ಗಾಜಿನ ಜಾಡಿಗೆ ತುಂಬಿ, ಅರ್ಧ ಗಂಟೆ ಅಲುಗಾಡಿಸದೆ ಇಟ್ಟು ನೋಡುವುದು. ಜೀವ ಇದ್ದರೆ ಕೆಸರು ಕಂದು ಬಣ್ಣಕ್ಕೆ ತಿರುಗಿ ತಳಕ್ಕೆ ಕೂರುತ್ತದೆ, ಮೇಲೆ ತಿಳಿ ನಿಲ್ಲುತ್ತದೆ.

ಹತ್ತಕ್ಕೆ ಏನೂ ಕೂರಲಿಲ್ಲ. ಹನ್ನೆರಡಕ್ಕೂ ಅಷ್ಟೇ. ಡಬ್ಬಿಯ ಮುದ್ದೆ ತಣ್ಣಗಾಯಿತು. ಎರಡರ ಹೊತ್ತಿಗೆ ಕಪ್ಪು ಸ್ವಲ್ಪ ಒಡೆದ ಹಾಗೆ ಕಂಡಿತು, ಆದರೆ ಹಾಗೆ ಕಾಣಲಿ ಎಂದು ಆಸೆಪಡುವ ಕಣ್ಣನ್ನು ದೇವಯ್ಯ ನಂಬಲಿಲ್ಲ.

"ಸತ್ತೋಗಿದ್ರೆ ಇಷ್ಟೊತ್ತಿಗೆ ಗೊತ್ತಾಗ್ತಿತ್ತು, ಅಲ್ವಾ?" ಎಂದ ಸಿದ್ದಯ್ಯ.

"ಗೊತ್ತಿಲ್ಲ ಕಣೋ."

ನಾಲ್ಕು ಗಂಟೆ ದಾಟಿ ಸರ್ವಮಂಗಳಾ ಮತ್ತೆ ಬಂದಾಗ ಏಳನೇ ಜಾಡಿ ಇಟ್ಟು ಹತ್ತು ನಿಮಿಷವಾಗಿತ್ತು. ಮೂವರೂ ನಿಂತು ನೋಡಿದರು. ಮೊದಲು ಮೇಲುಗಡೆ ಒಂದು ಬೆರಳಗಲ ತಿಳಿಯಾಯಿತು. ಆಮೇಲೆ ಕಂದು ಗೆರೆಯೊಂದು ನಿಧಾನವಾಗಿ ಇಳಿಯತೊಡಗಿ, ಅರ್ಧ ಗಂಟೆ ಮುಗಿಯುವಾಗ ಜಾಡಿಯ ಮುನ್ನೂರು ಮಿಲಿಲೀಟರ್ ಗುರುತಿನ ಹತ್ತಿರ ನಿಂತಿತು. ಮೇಲಿನ ನೀರು ಪೂರ್ತಿ ತಿಳಿಯಲ್ಲ, ಅಕ್ಕಿ ತೊಳೆದ ನೀರಿನಷ್ಟು ಮಬ್ಬು.

"ಏನಾಗಿತ್ತು ಇದಕ್ಕೆ?" ಎಂದು ಅವರು ಕೇಳಿದ್ದು ದೇವಯ್ಯನವರನ್ನು.

"ನಾನೇ ಆಫ್ ಮಾಡಿದ್ದೆ ಮೇಡಂ," ಎಂದ ಸಿದ್ದಯ್ಯ. "ಪೂಜೆಗೆ."

ಸರ್ವಮಂಗಳಾ ಅವನನ್ನೊಮ್ಮೆ, ಹಾರಗಳನ್ನೊಮ್ಮೆ ನೋಡಿ ಫೋನ್ ತೆಗೆದರು. "ನಾಳೆ ಜನ ಬೇಡ." ಆ ಕಡೆಯವರು ನಾಳಿದ್ದಿನ ಮಾತು ಎತ್ತಿರಬೇಕು. "ನಾಳೆ ಇದೇ ಹೊತ್ತಿಗೆ ನೋಡಿ ಹೇಳ್ತೀನಿ."

ಅವರು ಹೋದ ಮೇಲೆ ಸಿದ್ದಯ್ಯ ಬ್ಲೋವರ್ ಕೋಣೆಯ ಬೀಗದ ಕೈ ಮುಂದೆ ಹಿಡಿದ. ದೇವಯ್ಯ ತೆಗೆದುಕೊಳ್ಳಲಿಲ್ಲ.

"ಇಟ್ಕೋ. ಪಾಳಿ ನಿಂದೇ," ಎಂದರು. "ನಾನೂ ಇಲ್ಲೇ ಇರ್ತೀನಿ."