ಸಮ ಮಾಡುವ ಪೆಟ್ಟಿಗೆ

ಜಪಾನಿನ ಕೊಕುರಾದ ಆ ನೆಲಮಾಳಿಗೆಯ ಸಂಗೀತದ ಹಾಲಿಗೆ ಇಳಿಯಲು ಇಪ್ಪತ್ತೆರಡು ಮೆಟ್ಟಿಲು. ಭಾನುವಾರ ಬೆಳಿಗ್ಗೆ ಬೆನ್ನಿಗೆ ಬಾಸ್ ಗಿಟಾರ್ ಹೊತ್ತು, ಎಡಗೈಯಲ್ಲಿ ಪೆಡಲಿನ ಚೀಲ ಹಿಡಿದು ಇಳಿಯುತ್ತಿದ್ದ ಕುರಾಝೊನೊ ತೆರುಹಿಕೊ ಹತ್ತನೆಯ ಮೆಟ್ಟಿಲಿಗೇ ಸುಸ್ತಾದ. ಕೆಳಗಿನಿಂದ ಯಾರೋ "ದಣಿದ್ರಿ!" ಎಂದು ಕೂಗಿದರು. ಈ ಹಾಲುಗಳಲ್ಲಿ ಬಂದವರಿಗೂ ಅದೇ ಮಾತು, ಹೊರಟವರಿಗೂ ಅದೇ ಮಾತು. ಕೆಲಸ ಶುರುವೇ ಆಗದಿದ್ದರೂ ದಣಿದವರೆಂದು ಮರ್ಯಾದೆ ಕೊಟ್ಟುಬಿಡುತ್ತಾರೆ. ಅರವತ್ತೊಂದು ವರ್ಷದ ತೆರುಹಿಕೊನಿಗೆ ಈಚೆಗೆ ಅದು ನಮಸ್ಕಾರವಾಗಿ ಕೇಳಿಸುತ್ತಿರಲಿಲ್ಲ, ಡಾಕ್ಟರು ಹೇಳಿದ ಮಾತಿನಂತೆ ಕೇಳಿಸುತ್ತಿತ್ತು.

ಮೂವತ್ತೆಂಟು ವರ್ಷ ರೈಲು ಡಬ್ಬಿ ರಿಪೇರಿಯ ಕಾರ್ಖಾನೆಯಲ್ಲಿ ಬೋಲ್ಟ್ ಬಿಗಿದ ಕೈ ಅವನದು. ವಾರವೆಲ್ಲ ಬೋಲ್ಟು, ಭಾನುವಾರ ಬಾಸು. ಅವನ ಬ್ಯಾಂಡಿಗೆ ಹಾಡುವವರು ಬಂದರು, ಹೋದರು, ಮದುವೆಯಾದರು, ಮುನಿಸಿಕೊಂಡರು. ಡ್ರಮ್ ಬಾರಿಸುವ ಎಗಾಶಿರಾ ಮಾತ್ರ ಹೈಸ್ಕೂಲಿನಿಂದ ಇವನ ಪಕ್ಕ ಬಿಟ್ಟು ಕದಲಲಿಲ್ಲ. ಕಳೆದ ಚಳಿಗಾಲದಿಂದ ತೆರುಹಿಕೊನ ಬಲಗೈಯ ನಡುಬೆರಳು ಮಡಚಿದರೆ ಬಿಚ್ಚಿಕೊಳ್ಳದು, ಬಿಚ್ಚಿಕೊಂಡರೆ ಟಕ್ಕೆಂದು ಸಿಡಿಯುವುದು. ಡಾಕ್ಟರು ಎರಡು ಸಲ ಸೂಜಿ ಚುಚ್ಚಿದರು. ಮೂರನೆಯ ಸಲ, ಇನ್ನು ಪೂರ್ತಿ ವಾಸಿಯಾಗುವುದು ಕಷ್ಟ ಎಂದುಬಿಟ್ಟರು.

ಬಾಸಿನ ತಂತಿ ಮೀಟಲು ಅವನಿಗೆ ಬೇಕಾದದ್ದು ಎರಡೇ ಬೆರಳು. ತೋರುಬೆರಳಿನ ಏಟು ಗಟ್ಟಿ, ನಡುಬೆರಳಿನದು ಸೊರಗಿದ್ದು. ಕುಂಟನ ನಡಿಗೆಯಂತೆ ಒಂದು ಹೆಜ್ಜೆ ಊರಿ, ಒಂದು ಎಳೆದು. ತಂತಿ ಮೀಟುವ ಬಿಲ್ಲೆ, ಪಿಕ್, ಹಿಡಿದು ನುಡಿಸಬಹುದಿತ್ತು. ಆದರೆ ನಲವತ್ತೈದು ವರ್ಷ ಬೆರಳಲ್ಲೇ ನುಡಿಸಿದವನು ಪಿಕ್ ಹಿಡಿದರೆ ಎಲ್ಲರೂ ಕೇಳುವುದು ಒಂದೇ, ಯಾಕೆ? ಅದಕ್ಕೆ ಉತ್ತರ ಕೊಡುವ ಮನಸ್ಸು ಅವನಿಗಿರಲಿಲ್ಲ. ಹೆಂಡತಿ ಕಝುಎ ಏನೂ ಕೇಳದೆ, ಅನ್ನದ ಬಟ್ಟಲಿನ ಪಕ್ಕ ಊಟದ ಕಡ್ಡಿಗಳ ಬದಲು ಚಮಚ ಇಡತೊಡಗಿದಳು. ಅವನೂ ಏನೂ ಹೇಳದೆ ತಿಂದ. ಹೊರಗೆ ಮಾತ್ರ ನಾಟಕ. ಪ್ರತಿ ಅಭ್ಯಾಸ ಮುಗಿದ ಮೇಲೆ ಸ್ಟೇಷನ್ನಿನ ಉದೊನ್ ಅಂಗಡಿಯಲ್ಲಿ ನಿಂತೇ ಒಂದೊಂದು ಬಟ್ಟಲು ಬಿಸಿ ಶಾವಿಗೆ ಹೀರುವುದು ಅವನ, ಎಗಾಶಿರಾನ ಹಳೆಯ ರೂಢಿ. ಎಂಟು ತಿಂಗಳಿಂದ ತೆರುಹಿಕೊನಿಗೆ ಹೊಟ್ಟೆ ಸರಿಯಿಲ್ಲ.

ಹೋದ ತಿಂಗಳು ಅವನು ಗಿಟಾರಿನ ಸದ್ದು ಬದಲಿಸಲು ಕಾಲಲ್ಲಿ ಒತ್ತುವ ಒಂದು ಮಲ್ಟಿ-ಎಫೆಕ್ಟ್ಸ್ ಪೆಡಲ್ ಕೊಂಡ. ಊಟದ ಡಬ್ಬಿಯಷ್ಟು ದೊಡ್ಡದು. ಒಳಗೆ ನೂರೆಂಟು ಬಗೆಯ ಸದ್ದು. ಅವನಿಗೆ ಬೇಕಾಗಿದ್ದದ್ದು ಕಂಪ್ರೆಸರ್ ಒಂದೇ. ಅದು ಜೋರಾದ ಏಟನ್ನು ಅದುಮುತ್ತದೆ, ಸೊರಗಿದ್ದನ್ನು ಎತ್ತುತ್ತದೆ, ಎಲ್ಲವನ್ನೂ ಒಂದೇ ಎತ್ತರಕ್ಕೆ ತಂದು ನಿಲ್ಲಿಸುತ್ತದೆ. ಅವನ ಮನೆಯ ಗೋಡೆ ತೆಳು, ಪಕ್ಕದವರ ಕಿವಿ ಚುರುಕು. ಹೆಡ್‌ಫೋನ್ ಹಾಕಿಕೊಂಡು ಕೂತ. ಎರಡು ಬೆರಳ ಸದ್ದೂ ಒಂದೇ ಆಗುವವರೆಗೆ ಗುಂಡಿ ತಿರುಗಿಸಿದ. ಒಂದು ಸಂಜೆ ಅದು ಸಾಧ್ಯವಾದಾಗ ಕಣ್ಣಲ್ಲಿ ನೀರು ಬಂತು. ಈ ಭಾನುವಾರದ ಕಾರ್ಯಕ್ರಮದ ಆರು ಹಾಡು ಯಾರ ಕಿವಿಗೂ ಸಿಕ್ಕಿಬೀಳದೆ ಮುಗಿದರೆ ಮುಂದೆಯೂ ನುಡಿಸುವುದು, ಸಿಕ್ಕಿಬಿದ್ದರೆ ಬಾಸನ್ನು ಬೀರುವಿನ ಮೇಲಿಟ್ಟುಬಿಡುವುದು ಎಂದು ಮನಸ್ಸಿನಲ್ಲೇ ಆಣೆ ಮಾಡಿಕೊಂಡ.

ಈ ಹಾಲುಗಳಲ್ಲಿ ಕಾರ್ಯಕ್ರಮದ ಕೊನೆಗೆ ನುಡಿಸುವವರು ಮೊದಲು ಸದ್ದು ಪರೀಕ್ಷಿಸಿಕೊಳ್ಳುತ್ತಾರೆ, ಮೊದಲು ನುಡಿಸುವವರು ಕೊನೆಗೆ. ಇವರದು ಮೊದಲ ಬ್ಯಾಂಡು. ಸಿಕ್ಕಿದ್ದು ಹತ್ತೇ ನಿಮಿಷ. ಹಾಲಿನ ಹಿಂದುಗಡೆ, ಸದ್ದು ಏರಿಸಿ ಇಳಿಸುವ ಮೇಜಿನ ಮುಂದೆ ಹೊಕಾಮಾ ಎಂಬ ಹೆಂಗಸು ಕೂತಿದ್ದಳು. ಎರಡು ಸಾಲು ಕೇಳಿ ಕೈ ಎತ್ತಿ ನಿಲ್ಲಿಸಿದಳು.

"ಕುರಾಝೊನೊ ಸಾನ್, ಬಾಸ್ ಎಲ್ಲೋ ಹಿಂದೆ ಹೋಗಿ ಕೂತ್ಕೊಂಡಿದೆ. ಕಂಪ್ರೆಸರ್ ಜಾಸ್ತಿ ಹಾಕಿದೀರಾ?"

"ಇಲ್ಲಮ್ಮ, ಒಂಚೂರು ಅಷ್ಟೆ," ಎಂದ ತೆರುಹಿಕೊ, ಪೆಡಲಿನ ಕಿತ್ತಳೆ ದೀಪಕ್ಕೆ ಕಾಲು ಅಡ್ಡವಿಟ್ಟು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ.

ಹೊಕಾಮಾ ಎದ್ದು ಬಂದು ಬಗ್ಗಿ ನೋಡಿದಳು. "ಮನೇಲಿ ಹೆಡ್‌ಫೋನ್ ಹಾಕ್ಕೊಂಡು ಸೆಟ್ ಮಾಡಿದ್ದು ತಾನೆ? ಎಲ್ಲಾ ಬಾಸಿನವರೂ ಮಾಡೋ ತಪ್ಪೇ ಇದು. ಒಬ್ರೇ ಕೇಳ್ತಿದ್ರೆ ಬೆಣ್ಣೆ ಥರ ಇರುತ್ತೆ. ಡ್ರಮ್ ಜೊತೆ ಬಿದ್ರೆ ಕರಗಿಹೋಗುತ್ತೆ. ಈ ದೀಪ ಜೋರಾಗಿ ಮೀಟಿದಾಗ ಮಾತ್ರ ಮಿಣುಕ್ ಅನ್ಬೇಕು. ನಿಮ್ದು ಆರೋದೇ ಇಲ್ವಲ್ಲ!"

"ನಂಗೆ ಹಿಂಗೇ ಇಷ್ಟ."

"ಸರಿ. ನಾನು ಅಲ್ಲಿಂದ ಏರಿಸ್ತೀನಿ. ಆದ್ರೆ ಬೆರಳು ತಂತಿಗೆ ತಾಗೋ ಸಣ್ಣ ಸದ್ದೂ ಏರುತ್ತೆ, ಆಮೇಲೆ ನನ್ನ ಬೈಕೋಬೇಡಿ."

ಡ್ರಮ್ಮಿನ ಹಿಂದಿನಿಂದ ಎಗಾಶಿರಾ ನಕ್ಕ. "ಬಿಡಮ್ಮ, ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ. ಇವ್ನು ನೆಲ ಸಮ ಮಾಡೋಕೆ ಪೆಟ್ಟಿಗೇನೇ ತಂದವ್ನೆ!"

ಎಲ್ಲರೂ ನಕ್ಕರು. ತೆರುಹಿಕೊನೂ ನಕ್ಕ. ಆದರೆ ಆ ಮಾತು ಬರೀ ತಮಾಷೆಯೋ, ಗೊತ್ತಿದ್ದು ಆಡಿದ್ದೋ ಎಂದು ಅವನಿಗೆ ಬಗೆಹರಿಯಲಿಲ್ಲ.

ಮಧ್ಯಾಹ್ನ ಒಂದಕ್ಕೆ ಕಾರ್ಯಕ್ರಮ. ನಲವತ್ತು ಜನ, ಅದರಲ್ಲಿ ಅರ್ಧ ಬೇರೆ ಬ್ಯಾಂಡಿನವರ ಹೆಂಡತಿಯರು. ಮೊದಲ ಹಾಡು ನಿಧಾನದ್ದು, ಹೇಗೋ ದಾಟಿತು. ಎರಡನೆಯದು ಓಟದ ಹಾಡು. ಅರ್ಧದಲ್ಲಿ ನಡುಬೆರಳು ಹಿಡಿದುಕೊಂಡಿತು. ಟಕ್ಕೆಂದು ಬಿಟ್ಟುಕೊಂಡು ತಂತಿಗೆ ಬಡಿದದ್ದು, ಹೊಕಾಮಾ ಹೇಳಿದ ಹಾಗೆಯೇ, ಸ್ವರದಷ್ಟೇ ದೊಡ್ಡದಾಗಿ ಸ್ಪೀಕರಿನಿಂದ ಹೊರಬಿತ್ತು. ಅಡಗಿಸಲೆಂದು ತಂದ ಪೆಟ್ಟಿಗೆಯೇ ಡಂಗುರ ಸಾರುತ್ತಿತ್ತು. ಅದಕ್ಕಿಂತ ಕೆಟ್ಟದ್ದು, ಎಗಾಶಿರಾನ ತಾಳ ಓಡುತ್ತಿತ್ತು. ಇಷ್ಟು ವರ್ಷದಲ್ಲಿ ಒಮ್ಮೆಯೂ ಇವನನ್ನು ಬಿಟ್ಟು ಮುಂದೆ ಹೋಗದವನು ಇಂದು ಒಬ್ಬನೇ ಓಡುತ್ತಿದ್ದ. ಹಾಡುವ ಮಿಯೊಕೊ ಸಾಲಿನ ನಡುವೆಯೇ ಹಿಂದಿರುಗಿ ನೋಡಿದಳು. ಹಾಡು ಎಡವಿ, ಎದ್ದು, ಹೇಗೋ ಮನೆ ಸೇರಿತು. ಜನ ಕರುಣೆಯಿಂದ ಚಪ್ಪಾಳೆ ತಟ್ಟಿದರು.

ತೆರುಹಿಕೊ ಕಾಲಬುಡದ ಕಿತ್ತಳೆ ದೀಪವನ್ನೇ ನೋಡುತ್ತ ನಿಂತ. ಸಿಕ್ಕಿಬಿದ್ದಾಗಿತ್ತು. ವಿಚಿತ್ರವೆಂದರೆ ಅವನಿಗೆ ನಾಚಿಕೆಗಿಂತ ಸುಸ್ತೇ ಹೆಚ್ಚಾಗಿತ್ತು. ನುಡಿಸುವುದಕ್ಕಿಂತ ಮುಚ್ಚಿಡುವುದೇ ಈ ಎಂಟು ತಿಂಗಳು ಅವನನ್ನು ಹಿಂಡಿ ಹಾಕಿತ್ತು. ಹಾಳಾಗಿ ಹೋಗಲಿ ಎಂದು ಕಾಲಲ್ಲಿ ಗುಂಡಿ ಒತ್ತಿದ. ದೀಪ ಆರಿತು.

ಮೂರನೆಯ ಹಾಡಿಗೆ ಬೆರಳುಗಳು ಇದ್ದ ಹಾಗೆಯೇ ಕೇಳಿಸಿದವು, ಒಂದು ಗಟ್ಟಿ, ಒಂದು ಸೊರಗಿದ್ದು. ಎಗಾಶಿರಾ ತಟ್ಟನೆ ತಲೆ ಎತ್ತಿದ. ನಾಲ್ಕು ತಾಳ ಕಳೆಯುವುದರೊಳಗೆ ಓಟ ತಗ್ಗಿತು. ನಡುಬೆರಳು ಸೋಲುವ ಜಾಗಕ್ಕೆ ಸರಿಯಾಗಿ ದೊಡ್ಡ ಡ್ರಮ್ಮಿನ ಏಟು ಬಂದು ಬೀಳತೊಡಗಿತು. ಚೆನ್ನಾಗಿತ್ತು ಎಂದರೆ ಸುಳ್ಳಾಗುತ್ತದೆ. ಕುಂಟು ಕುಂಟೇ. ಆದರೆ ಈಗ ಇಬ್ಬರೂ ಸೇರಿ ಕುಂಟುತ್ತಿದ್ದರು. ಕೊನೆಯ ಓಟದ ಹಾಡನ್ನು ಯಾರನ್ನೂ ಕೇಳದೆ ಎಗಾಶಿರಾನೇ ಬಿಟ್ಟುಬಿಟ್ಟ.

ಸಾಮಾನು ಹೊತ್ತು ಮೆಟ್ಟಿಲು ಹತ್ತುವಾಗ ನಡುವೆ ಇಬ್ಬರೂ ಕೂತರು.

"ಬೆರಳು ಹೆಂಗಿದ್ಯೋ?" ಎಂದ ಎಗಾಶಿರಾ.

ತೆರುಹಿಕೊ ಪೆಡಲಿನ ಚೀಲ ಕೆಳಗಿಟ್ಟ. "ನಿಂಗ್ಯಾವಾಗ ಗೊತ್ತಾಯ್ತು?"

"ಫೆಬ್ರವರೀಲಿ. ಅಭ್ಯಾಸಕ್ಕೆ ಬಂದಾಗ ನಿನ್ನ ಎರಡನೇ ಏಟು ಕೂದಲೆಳೆ ತಡ ಬರ್ತಿತ್ತು. ಅದಕ್ಕೇ ನಾನೂ ತಡ ಮಾಡ್ತಿದ್ದೆ. ಯಾರಿಗಾದ್ರೂ ತಿಳೀತಾ?"

"ಮತ್ತೆ ಇವತ್ತು ಬಿಟ್ಟು ಓಡ್ದಲ್ಲೋ, ಕತ್ತೆ!"

"ನೀನು ಆ ಹಾಳು ಪೆಟ್ಟಿಗೆ ಇಟ್ಕೊಂಡು ನುಡಿಸಿದ್ರೆ ನಾನೇನ್ ಮಾಡ್ಲೋ? ಎಲ್ಲಾ ಒಂದೇ ಸಮ. ನೋಯ್ತಿದ್ಯೋ, ಕೈ ಸೋತಿದ್ಯೋ, ಏನೂ ಕೇಳಿಸ್ಲಿಲ್ಲ. ಕೇಳಿಸ್ದೆ ಹೆಂಗೋ ಕಾಯೋದು?" ಎಗಾಶಿರಾ ಮುಖ ಆಚೆ ತಿರುಗಿಸಿದ. "ವಾಸಿಯಾಯ್ತು ಅನ್ಕೊಂಡು ಖುಷಿಗೆ ಓಡ್ಬಿಟ್ಟೆ ಕಣೋ."

ತೆರುಹಿಕೊ ಬಲಗೈ ಬಿಚ್ಚಿ ನೋಡಿಕೊಂಡ. "ವಾಸಿಯಾಗಲ್ವಂತೆ," ಎಂದ.

"ನನ್ನ ಸೊಂಟಾನೂ ಆಗಲ್ವಂತೆ. ಮುಂದಿನ ಸಲ ಮೂರೇ ಹಾಡು. ಎಲ್ಲಾ ನಿಧಾನದ್ದು. ಏಳು, ಹಸಿವಾಗ್ತಿದೆ."

ಸ್ಟೇಷನ್ನಿನ ಉದೊನ್ ಅಂಗಡಿಯ ಮುಂದೆ ಹೊಟ್ಟೆಯ ನೆಪ ಅವನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. ಅಂಗಡಿಯಾಕೆ ಬಿಸಿ ಬಟ್ಟಲುಗಳ ಪಕ್ಕ ಕಡ್ಡಿಗಳನ್ನು ಇಟ್ಟಳು.

"ಅಮ್ಮಾ, ಒಂದು ಫೋರ್ಕ್ ಇದ್ರೆ ಕೊಡ್ತೀರಾ? ಬೆರಳು ಮಾತು ಕೇಳಲ್ಲ," ಎಂದ ತೆರುಹಿಕೊ, ಪಕ್ಕದವರಿಗೂ ಕೇಳಿಸುವಷ್ಟು ಜೋರಾಗಿ.

ಆಕೆ ಮಕ್ಕಳಿಗೆಂದು ಇಟ್ಟಿದ್ದ ಹಳದಿ ಫೋರ್ಕ್ ಕೊಟ್ಟಳು. ಶಾವಿಗೆ ಜಾರುತ್ತಿತ್ತು, ಸಾರು ಅಂಗಿಗೆ ಸಿಡಿಯಿತು. ಎಗಾಶಿರಾ ಬಟ್ಟಲನ್ನು ಮೂರು ನಿಮಿಷದಲ್ಲಿ ಖಾಲಿ ಮಾಡುವ ಆಸಾಮಿ, ಊರಿಗೆಲ್ಲ ಗೊತ್ತು. ಅಂದು ಒಂದೊಂದೇ ಎಳೆ ಎತ್ತಿ, ಊದಿ, ತಿಂದು, ಕಡ್ಡಿ ಕೆಳಗಿಟ್ಟು ರೈಲು ನೋಡುತ್ತ ನಿಂತ. ಕೊನೆಯ ಎಳೆಯನ್ನು ಇವನ ಜೊತೆಗೇ ಮುಗಿಸಿದ.