ಇಲ್ಲದ ತಮ್ಮನಿಗಾಗಿ ಗೋಕಾಕಕ್ಕೆ

ಮುಂಬಯಿ ಸರಕಾರದ ಕಾಲ. ನಾನು ಹುಕ್ಕೇರಿಯಲ್ಲಿ ಶಾಲಾ ಮಾಸ್ತರ. ತಲೆಗೆ ರುಮಾಲು, ಮೈಗೆ ಕೋಟು, ಕೈಯಲ್ಲೊಂದು ಕೊಡೆ ಇದ್ದರೆ ಊರೇ ನಮಸ್ಕಾರ ಮಾಡುತ್ತಿತ್ತು. ಕೋಟಿನ ಒಳಕಿಸೆಯಲ್ಲಿ ಏನಿರುತ್ತದೆಂದು ಯಾರಿಗೂ ಗೊತ್ತಿಲ್ಲ ಎಂದು ನಾನು ನಂಬಿದ್ದೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೂ ನನಗೂ ಇದ್ದ ವ್ಯತ್ಯಾಸವೆಂದರೆ, ನಾನು ಕುಡಿಯುತ್ತಿದ್ದದ್ದು ಹಾಲಲ್ಲ.

ಹೆಂಡತಿ ಬಹಳ ದಿನ ಸಹಿಸಿದಳು. ಒಂದು ಮುಂಜಾನೆ ತೆವಳುವ ಮಗಳನ್ನು ಎತ್ತಿಕೊಂಡು ಮೂಡಲಗಿಯ ತವರುಮನೆಗೆ ಹೊರಟುಹೋದಳು. ಕರೆಯಲು ಹೋದ ನನ್ನನ್ನು ಮಾವ ಹೊರಗಿನ ಕಟ್ಟೆಯ ಮೇಲೇ ಕೂಡಿಸಿದರು. ಒಂದು ತಂಬಿಗೆ ನೀರು ಕೊಟ್ಟು, "ಬಿಟ್ಟ ಮ್ಯಾಲ ಬರ್ರಿ. ಅಲ್ಲೀತನಕ ಆಕಿ ಇಲ್ಲೇ ಇರ್ತಾಳ," ಎಂದರು. ಮೀಸೆ ದೊಡ್ಡದಿದ್ದವರ ಮಾತಿಗೆ ಎದುರಾಡುವುದು ಕಷ್ಟ. ನಾನು ಬಿಟ್ಟೆ. ಸೋಮವಾರ ಬಿಟ್ಟದ್ದು ಬುಧವಾರದ ತನಕ ಬಾಳಿತು.

ಗೋಕಾಕದಲ್ಲಿ ಕುಡಿತ ಬಿಟ್ಟವರು ರವಿವಾರಕ್ಕೊಮ್ಮೆ ಒಂದು ಕಡೆ ಕೂಡುತ್ತಾರೆ, ಒಬ್ಬನ ಕಾಲು ಜಾರಿದರೆ ಉಳಿದವರು ಹಿಡಿಯುತ್ತಾರೆ ಎಂದು ಯಾರೋ ಮೋಟಾರಿನಲ್ಲಿ ಮಾತಾಡಿಕೊಂಡಿದ್ದರು. ಎಲ್ಲಿ ಎಂದು ಕೇಳಿದರೆ ಮಾಸ್ತರನ ಮಾನ ಹೋದೀತೆಂದು ಆಗ ನಾನು ಬಾಯಿ ತೆರೆಯಲಿಲ್ಲ. ಮುಂದಿನ ರವಿವಾರ ಗೋಕಾಕದಲ್ಲಿ ಇಳಿಯುವಷ್ಟರಲ್ಲಿ ಉಪಾಯವೊಂದು ಸಿದ್ಧವಾಗಿತ್ತು. ಕೇಳುವುದು ನನಗಾಗಿ ಅಲ್ಲ, ಕುಡಿದು ಕೆಟ್ಟ ನನ್ನ ತಮ್ಮನಿಗಾಗಿ. ಮೂವರು ಅಕ್ಕಂದಿರ ಬೆನ್ನಿಗೆ ಹುಟ್ಟಿದ ಕಡೆಯ ಕೂಸು ನಾನು. ತಮ್ಮನೆಂಬವನು ಇರಲೇ ಇಲ್ಲ.

ಕಿರಾಣಿ ಅಂಗಡಿಯಲ್ಲಿ ಕೇಳಿದೆ. ಗುಡಿಯ ಪೂಜಾರಿಯನ್ನು ಕೇಳಿದೆ. "ನಮ್ಮೂರಾಗ ಯಾರೂ ಕುಡಿಯೂದೇ ಇಲ್ಲರಿ, ಬಿಡೂದು ಎಲ್ಲಿಂದ ಬಂತು?" ಎಂದ ಪೂಜಾರಿ. ತಪ್ಪು ಅವನದಲ್ಲ. ಬಿಟ್ಟವರು ಇಂಥವರೆಂದು ಹೆಸರು ಹೇಳಿದರೆ, ಕುಡಿಯುತ್ತಿದ್ದವರು ಇವರೇ ಎಂದು ಊರಿಗೆಲ್ಲ ಸಾರಿದಂತೆ. ಹಾಗಾದರೆ ಬಿಟ್ಟವರ ಸುದ್ದಿ ಖಚಿತವಾಗಿ ತಿಳಿದವನು ಯಾರು? ಸಾರಾಯಿ ಅಂಗಡಿಯವನು! ಈ ವಿಚಾರ ಮೊದಲು ಹೊಳೆದದ್ದು ನನ್ನ ತಲೆಗೋ ಕಾಲಿಗೋ, ಇವತ್ತಿಗೂ ಹೇಳಲಾರೆ.

ಅಂಗಡಿಯವನು ನನ್ನ ತಮ್ಮನ ಕಥೆಯನ್ನೆಲ್ಲ ತಾಳ್ಮೆಯಿಂದ ಕೇಳಿದ. "ಬಣ್ಣದ ಗೊಂಬಿ ಮಾಡಾಂವನ ಮನಿ ಹಿತ್ತಲದಾಗ ಕೂಡತಾರರಿ. ನನ್ನ ಛಲೋ ಛಲೋ ಗಿರಾಕಿ ಎಲ್ಲಾ ಅಲ್ಲೇ ಅದಾರ. ನಿಮ್ಮ ತಮ್ಮಗೂ ಅಲ್ಲೇ ಕಳಸ್ರಿ, ನನ್ನ ಹೊಟ್ಟಿ ಮ್ಯಾಲ ಕಲ್ಲು ಹಾಕ್ರಿ." ಆಮೇಲೆ ಕೊಡೆ ಹಿಡಿದ ನನ್ನ ಬೆರಳುಗಳನ್ನೇ ನೋಡಿದ. "ನಿಮ್ಮ ತಮ್ಮನ ಕೈ ಭಾಳ ನಡಗಾಕತ್ತಾವ್ರಿ, ಮಾಸ್ತರ್ರ. ಕುಡಿಯಾಕ ಏನರ ಕೊಡ್ಲೇನು?"

ಬಾಟಲಿಗಳು ಕೈಯಳತೆಯಲ್ಲೇ ಇದ್ದವು. "ನೀರು," ಎಂದೆ. ಆ ಅಂಗಡಿಯಲ್ಲಿ ಆ ಮಾತನ್ನು ಅದುವರೆಗೆ ಯಾರೂ ಆಡಿರಲಿಕ್ಕಿಲ್ಲ. ಅವನಿಗೆ ನೀರಿನ ಚರಿಗೆ ಹುಡುಕಲು ಬಹಳ ಹೊತ್ತು ಹಿಡಿಯಿತು.

ಹಿತ್ತಲಲ್ಲಿ ಏಳೆಂಟು ಗಂಡಸರು ಚಾಪೆಯ ಮೇಲೆ ಕುಳಿತು ಕಟ್ಟಿಗೆಯ ಮಾವಿನಹಣ್ಣು, ಬಾಳೆಹಣ್ಣುಗಳನ್ನು ತಿಕ್ಕಿ ನುಣುಪು ಮಾಡುತ್ತಿದ್ದರು. ಬಣ್ಣ ಆಮೇಲೆ. ಕೈ ಖಾಲಿ ಬಿಟ್ಟರೆ ಅದು ಬೇರೆ ಏನನ್ನೋ ಹುಡುಕುತ್ತದೆಂದು ಗೊಂಬೆ ಮಾಡುವವನು ಎಲ್ಲರಿಗೂ ಕೆಲಸ ಹಚ್ಚಿದ್ದ.

"ಯಾರ ಸಲುವಾಗಿ ಬಂದ್ರಿ?" ಎಂದು ಅವನೇ ಕೇಳಿದ.

"ನನ್ನ ತಮ್ಮನ ಸಲುವಾಗಿ."

ನನಗೆ ಬೆನ್ನು ಮಾಡಿ ಕುಳಿತು ಬಾಳೆಹಣ್ಣು ತಿಕ್ಕುತ್ತಿದ್ದವರೊಬ್ಬರು ಹೊರಳಿ ನೋಡಿದರು. ಅದೇ ಮೀಸೆ. ನನ್ನ ಮಾವ!

"ಲಗ್ನದಾಗ ತಮ್ಮ ಇರಲಿಲ್ಲಲ್ರಿ, ಅಳ್ಯಾರ," ಎಂದರು. "ಯಾವಾಗ ಹುಟ್ಟಿದ?"

ಭೂಮಿ ಬಾಯಿ ಬಿಡಲಿಲ್ಲ. ನಾನೇ ಬಿಡಬೇಕಾಯಿತು. "ತಮ್ಮ ಇಲ್ಲರಿ. ಕುಡಿಯಾಂವ ನಾನು. ಬಿಡಾಕ ಆಗವಲ್ದು."

ಯಾರೂ ನಗಲಿಲ್ಲ. ಮಾವ ಸರಿದು ಜಾಗ ಮಾಡಿ ನನ್ನ ಕೈಗೊಂದು ಕಟ್ಟಿಗೆಯ ಮಾವಿನಹಣ್ಣು ಕೊಟ್ಟರು. ಸ್ವಲ್ಪ ಹೊತ್ತಿನ ಮೇಲೆ ಕಿವಿಯ ಹತ್ತಿರ ಬಂದು, "ನಾನು ಇಲ್ಲಿ ಬರೂದು ಮನ್ಯಾಗ ಗೊತ್ತಿಲ್ಲರಿ. ಎತ್ತು ನೋಡಾಕ ಹೋಗ್ತೀನಂತ ಹೇಳಿರ್ತೀನಿ. ಮಗಳಿಗೆ ಹೇಳಬ್ಯಾಡ್ರಿ," ಎಂದು ಬೇಡಿಕೊಂಡರು. ನನ್ನನ್ನು ಕಟ್ಟೆಯಿಂದ ಒಳಗೆ ಬಿಡದ ಮನುಷ್ಯ! ನನಗೆ ಅವರ ಮೇಲೆ ಮರುಕ ಹುಟ್ಟಿತೆಂದು ಬರೆಯಬಹುದು. ಖರೆ ಹೇಳಬೇಕೆಂದರೆ ಮೊದಲು ಹುಟ್ಟಿದ್ದು ಖುಷಿ.

ಮೂರು ತಿಂಗಳು ಒಂದು ರವಿವಾರವನ್ನೂ ತಪ್ಪಿಸದೆ ಹಣ್ಣು ತಿಕ್ಕಿದೆ. ಆಗ ಮಾವನೇ ಮಗಳನ್ನೂ ಮೊಮ್ಮಗಳನ್ನೂ ಹುಕ್ಕೇರಿಗೆ ತಂದು ಬಿಟ್ಟುಹೋದರು. ಆ ವಾರವೇ ನನಗೆ ಆಲಸ್ಯ ಹತ್ತಿತು. ಹೆಂಡತಿ ಬಂದಳಲ್ಲ, ಇನ್ನೇನು! ರವಿವಾರ ಬೆಳಿಗ್ಗೆ, ಮೈ ಬೆಚ್ಚಗಾಗಿದೆ, ಇವತ್ತು ಗೋಕಾಕ ಬೇಡ ಎಂದು ಮುಸುಕು ಎಳೆದುಕೊಂಡೆ. ಆಕೆ ರೊಟ್ಟಿಯ ಬುತ್ತಿ ಕಟ್ಟಿ ತಂದಿಟ್ಟಳು. ಎರಡು ಗಂಟು.

"ಎರಡ್ಯಾಕ?"

"ಒಂದು ನಮ್ಮಪ್ಪಗ. ಎರಡು ವರ್ಷ ಎತ್ತು ನೋಡಾಕ ಹೋದಾಂವ ಒಂದು ಆಕಳ ಕರಾನರ ತಂದಾನೇನ್ರಿ?"

ನಾನು ನಕ್ಕೆ. ಆಕೆ ನಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಎದ್ದು ನಿಲ್ಲಲು ಹೆಣಗುತ್ತಿದ್ದ ಮಗಳನ್ನು ನೋಡುತ್ತ ಹೇಳಿದಳು: "ಅಪ್ಪ ಕುಡದು ಬಂದಾಗ ಬಾಗಲಾ ತಗದಾಕಿ ನಾನು. ನಿಮಗೂ ನಾನೇ ತಗದೆ. ಈಕಿ ತಗಿಯೂದು ಬ್ಯಾಡ."

ನನಗೆ ಬಹಳ ನಾಚಿಕೆಯಾಯಿತು. ಎದ್ದು ಮುಖ ತೊಳೆದು, ಎರಡೂ ಬುತ್ತಿ ತೆಗೆದುಕೊಂಡು ಮೋಟಾರು ಹಿಡಿದೆ.